ಕಾಜಾಣದ ಮಾಮೂಲು

"ಕಾಜಾಣ ಅಂದ್ರೆ ಹಕ್ಕಿಗಳ ಪೊಲೀಸಪ್ಪ ಕಣೋ" ಅಂತ ಶುರು ಹಚ್ಚಿದವನು ನಾಗರಾಜ. ಅವನ ತೋಟದ ಹಲಸಿನ ಮರದಲ್ಲಿ ಕಾಜಾಣ ಗೂಡು ಕಟ್ಟಿದೆ. ಕಾಗೆ ಬಂದರೆ ಅಟ್ಟುತ್ತದೆ, ಹದ್ದು ಬಂದರೂ ಬೆನ್ನು ಹತ್ತಿ ಕುಕ್ಕುತ್ತದೆ. ಆ ಧೈರ್ಯದ ಮೇಲೆ ಪಿಕಳಾರ, ಚೋರೆ ಹಕ್ಕಿಗಳೂ ಅದೇ ಮರದಲ್ಲಿ ಸಂಸಾರ ಹೂಡಿವೆ.

"ಬಾಡಿಗೆ ಎಷ್ಟಂತೆ?" ಎಂದ ಸೀನ.

"ಬಾಡಿಗೆ ಇಲ್ಲ ಮಾರಾಯ. ಮಾಮೂಲು ಇರುತ್ತೆ" ಎಂದರು ಭಟ್ಟರು. ಅವರಿಗೆ ಹಕ್ಕಿ ಹುಚ್ಚು. ಒಮ್ಮೆ ಬಾಯಿ ತೆರೆದರೆ ಟೀ ಆರುವವರೆಗೂ ನಿಲ್ಲುವುದಿಲ್ಲ.

"ಆಫ್ರಿಕಾದ ಕಲಹರಿಯಲ್ಲಿ ಇದರ ದಾಯಾದಿ ಇದೆ. ಅಲ್ಲಿ ಮೀರ್‌ಕ್ಯಾಟ್ ಅಂತ ಮುಂಗುಸಿ ಜಾತಿಯ ಪ್ರಾಣಿ ಮಣ್ಣು ಕೆದಕಿ ಹುಳ ತೆಗೆಯುತ್ತೆ. ಕಾಜಾಣ ಮೇಲೆ ಕೂತು ಕಾವಲು. ಗಿಡುಗ ಬಂದರೆ ಕೂಗುತ್ತೆ, ಎಲ್ಲವೂ ಬಿಲ ಸೇರುತ್ತವೆ. ಯಾವಾಗಲೋ ಒಂದು ದಪ್ಪ ಹುಳ ಹೊರಗೆ ಬಂತು ಅನ್ನು. ಗಿಡುಗ ಇಲ್ಲದಿದ್ದರೂ ಅದೇ ಕೂಗು! ಅವು ಹುಳ ಬಿಟ್ಟು ಓಡುತ್ತವೆ. ಇದು ಆರಾಮಾಗಿ ಇಳಿದು ಎತ್ತಿಕೊಂಡು ಹೋಗುತ್ತೆ."

"ಎರಡು ಸಲ ಮೋಸ ಹೋದರೆ ಬುದ್ಧಿ ಬರಲ್ವಾ?"

"ಬರುತ್ತೆ. ಅದಕ್ಕೇ ಇದು ದನಿ ಬದಲಾಯಿಸುತ್ತೆ. ಮೀರ್‌ಕ್ಯಾಟ್ ಹೆದರಿದಾಗ ಹೇಗೆ ಕೂಗುತ್ತೋ ಹಾಗೇ ಕೂಗುತ್ತೆ. ಹಕ್ಕಿ ಸಂಶೋಧಕ ಟಾಮ್ ಫ್ಲವರ್ ಮತ್ತವರ ಸಂಗಡಿಗರು 2014ರಲ್ಲಿ ಲೆಕ್ಕ ಕೊಟ್ಟರು. ಅಲ್ಲಿನ ಕಾಜಾಣಗಳಲ್ಲಿ ಒಟ್ಟು 51 ಬಗೆಯ ಗಾಬರಿ ಕೂಗು! ಒಂದೊಂದಕ್ಕೂ ಅಷ್ಟೂ ಬರಲ್ಲ, ಬಿಡು. ತಿನ್ನೋದರಲ್ಲಿ ಶೇಕಡಾ 23ರಷ್ಟು ಕದ್ದ ಮಾಲು. ಉಳಿದದ್ದು ಸ್ವಂತ ದುಡಿಮೆ. ಚಳಿಗೆ ಹಾರುವ ಹುಳ ಕಡಿಮೆಯಾದರೆ ಕಳ್ಳತನ ಜಾಸ್ತಿ."

ನಾಗರಾಜನ ಮುಖ ಸಣ್ಣಗಾಯಿತು. "ಅದು ಆಫ್ರಿಕಾ. ನಮ್ಮ ಕಡೆ ಹಾಗಿಲ್ಲ."

"ನಮ್ಮ ಕಾಡಿನ ಭೀಮರಾಜ ನೋಡಿದ್ದೀಯಲ್ಲ? ಅದೂ ಕಾಜಾಣದ ಜಾತಿಯೇ. ಬಾಲದ ಎರಡು ಗರಿ ಬರೀ ಕಡ್ಡಿಯಾಗಿ ಬೆಳೆದು, ತುದಿಯಲ್ಲಿ ಮಾತ್ರ ಪುಕ್ಕ. ಬೇರೆ ಹಕ್ಕಿಗಳ ದನಿ ಅಣಕಿಸೋದರಲ್ಲಿ ಎತ್ತಿದ ಕೈ. ಶ್ರೀಲಂಕಾದ ಸಿಂಹರಾಜ ಕಾಡಲ್ಲಿ ಇದರ ಬಳಗದ ಕೂಗನ್ನು ಸಂಶೋಧಕರು ರೆಕಾರ್ಡ್ ಮಾಡಿ ಕೇಳಿಸಿದರು. ಅಣಕು ದನಿ ಬೆರೆತ ಕೂಗಿಗೆ ಹಕ್ಕಿಗಳು ಜಾಸ್ತಿ ಬಂದವು. ಅಂದರೆ ಜನ ಸೇರಿಸೋದೂ ಇದೇ. ಹಿಂಡು ಎಲೆ ಅಲ್ಲಾಡಿಸುತ್ತೆ, ಹುಳ ಏಳುತ್ತೆ, ಈ ಮಹಾರಾಯ ಗಾಳಿಯಲ್ಲೇ ಹಿಡಿಯುತ್ತಾನೆ."

"ಅಷ್ಟೆಲ್ಲ ಗೊತ್ತಿದ್ದೂ ಉಳಿದವು ಯಾಕೆ ಸಹಿಸಿಕೊಂಡಿವೆ?"

"ಗಿಡುಗ ಒಮ್ಮೊಮ್ಮೆ ನಿಜವಾಗಿಯೂ ಬರುತ್ತಲ್ಲೋ! ಹುಳ ಹೋದರೆ ಇನ್ನೊಂದು ಸಿಗುತ್ತೆ. ತಲೆ ಹೋದರೆ?"

ನಾಗರಾಜ ಪಟ್ಟು ಬಿಡಲಿಲ್ಲ. "ಏನಾದರೂ ಹೇಳಿ ಭಟ್ರೇ, ನಮ್ಮ ತೋಟದ ಕಾಜಾಣ ಮಾತ್ರ ಪ್ರಾಮಾಣಿಕ."

"ಆಗಿರಲೇಬೇಕು" ಎಂದ ಸೀನ. "ನಿನ್ನ ತೋಟದಲ್ಲಿ ಕದಿಯೋಕೆ ಏನಿದೆ? ಹೋದ ಮಳೆಗಾಲ ಕೊಳೆ ಬಂದು ಅಡಿಕೆಯೂ ಉದುರಿ ಹೋಯ್ತಲ್ಲ!"