ಗುಂಪಲ್ಲಿ ಮಾತಾಡೋಕೆ ಸಂದು ಸಿಗಲ್ಲ ಯಾಕೆ?

ಪ್ರಶ್ನೆ:
ಒಬ್ಬರ ಜೊತೆ ಕೂತ್ರೆ ನಾನು ಗಂಟೆಗಟ್ಲೆ ಮಾತಾಡ್ತೀನಿ, ಮೂರು ಜನ ಇದ್ರೂ ಪರವಾಗಿಲ್ಲ, ಆದ್ರೆ ಆರೇಳು ಜನ ಸೇರಿದ್ರೆ ಮುಗೀತು, ಬಾಯಿ ತೆಗೆಯೋಷ್ಟರಲ್ಲಿ ಇನ್ಯಾರೋ ಶುರು ಮಾಡಿರ್ತಾರೆ, ಅವರು ಮುಗಿಸೋ ಹೊತ್ತಿಗೆ ವಿಷಯಾನೇ ಎಲ್ಲೋ ಹೋಗಿರತ್ತೆ. ಯಾರೂ ಬೇಕಂತ ತಡೆಯಲ್ಲ, ಎಲ್ಲ ಒಳ್ಳೆಯವರೇ. ಇದು ಬರೀ ಸಂಕೋಚನಾ, ಇಲ್ಲ ಗುಂಪಿನ ಮಾತಿಗೇ ಏನಾದ್ರೂ ರೂಲ್ಸ್ ಇದ್ಯಾ? ಸಮಾಜಶಾಸ್ತ್ರ ಓದಿರೋರು ಹೇಳಿ.

ಉತ್ತರ 1:
ರೂಲ್ಸ್ ಇದೆ, ಯಾರೂ ಕಲಿಸಿರಲ್ಲ, ಆದ್ರೂ ಎಲ್ಲರೂ ಪಾಲಿಸ್ತಾರೆ. ಹಾರ್ವೆ ಸ್ಯಾಕ್ಸ್, ಇಮ್ಯಾನುಯೆಲ್ ಶೆಗ್ಲಾಫ್, ಗೇಲ್ ಜೆಫರ್ಸನ್ ಅಂತ ಮೂವರು ಸೇರಿ 1974ರಲ್ಲಿ ಮಾತಿನ ಸರದಿ ಬಗ್ಗೆನೇ ಒಂದು ಪೇಪರ್ ಬರೆದ್ರು, ನಿಜವಾಗಿ ನಡೆದ ಮಾತುಕತೆಗಳ ರೆಕಾರ್ಡಿಂಗ್ ಇಟ್ಕೊಂಡು. ಮಾತಾಡ್ತಿರೋರು ಮುಂದೆ ಯಾರು ಅಂತ ಆರಿಸಬಹುದು, ಹೆಸರು ಕರೆದೋ, ಮುಖ ನೋಡಿ ಪ್ರಶ್ನೆ ಕೇಳಿಯೋ. ಆರಿಸ್ಲಿಲ್ಲ ಅಂದ್ರೆ ಯಾರು ಮೊದ್ಲು ಶುರು ಮಾಡ್ತಾರೋ ಅವರದ್ದೇ ಸರದಿ. ಯಾರೂ ಶುರು ಮಾಡ್ಲಿಲ್ವಾ, ಮೊದಲಿನವರೇ ಮುಂದುವರಿಸಬಹುದು. ಇಬ್ಬರೇ ಇದ್ದಾಗ ಎದುರಿನವರು ನಿಲ್ಲಿಸಿದ್ರೆ ಮುಂದಿನದು ಹೆಚ್ಚುಕಮ್ಮಿ ನಿಮ್ಮದೇ, ಅದಕ್ಕೇ ಅಲ್ಲಿ ಆರಾಮ್ ಇರತ್ತೆ. ಏಳು ಜನ ಇದ್ರೆ ಅದೇ ಜಾಗಕ್ಕೆ ಆರು ಜನ.

ಉತ್ತರ 2:
ಮೇಲಿನವರು ಹೇಳಿದ್ದಕ್ಕೆ ಟೈಮಿಂಗ್ ಸೇರಿಸ್ತೀನಿ, ನಂಗೆ ತುಂಬಾ ಆಶ್ಚರ್ಯ ಆಗಿದ್ದು ಇದೇ. 2009ರಲ್ಲಿ 10 ಭಾಷೆಗಳಲ್ಲಿ ಹೌದು-ಇಲ್ಲ ಪ್ರಶ್ನೆಗೆ ಎಷ್ಟು ಬೇಗ ಉತ್ತರ ಬರತ್ತೆ ಅಂತ ಅಳೆದಿದ್ರು, ಸರಾಸರಿ ಸುಮಾರು 200 ಮಿಲಿಸೆಕೆಂಡ್. ಆದ್ರೆ ಒಂದು ಚಿತ್ರ ನೋಡಿ ಅದರ ಹೆಸರು ಬಾಯಿಗೆ ಬರೋಕೇ 600 ಬೇಕು! ಅಂದ್ರೆ ಎದುರಿನವರ ವಾಕ್ಯ ಎಲ್ಲಿ ಮುಗಿಯತ್ತೆ ಅಂತ ಊಹಿಸ್ಕೊಂಡು, ಅವರಿನ್ನೂ ಮಾತಾಡ್ತಿರುವಾಗ್ಲೇ ನಾವು ತಯಾರಾಗಿರ್ತೀವಿ. ಪೂರ್ತಿ ಸುಮ್ಮನಾಗ್ಲಿ ಆಮೇಲೆ ಹೇಳೋಣ ಅಂತ ಕಾಯೋರಿಗೆ ಆ ಸುಮ್ಮನಾಗೋ ಕ್ಷಣ ಬರೋದೇ ಇಲ್ಲ. ವಾಕ್ಯದ ಕೊನೇಲೇ "ಅಲ್ಲ, ಅದು ಹೇಗೆ ಅಂದ್ರೆ" ಅಂತ ಶುರು ಮಾಡಿಬಿಡಿ, ಹೇಳೋದು ಪೂರ್ತಿ ರೆಡಿ ಇಲ್ದಿದ್ರೂ ನಡೆಯತ್ತೆ. ವಿಡಿಯೋ ಕಾಲಲ್ಲಿ ಮಾತ್ರ ಈ ಲೆಕ್ಕ ಕೆಡತ್ತೆ, ಸ್ವಲ್ಪ ಲೇಟಾಗಿ ಕೇಳ್ಸಿದ್ರೂ ಒಬ್ಬರ ಮೇಲೊಬ್ಬರು ಬೀಳ್ತೀವಿ.

ಉತ್ತರ 3:
ಟೈಮಿಂಗ್ ಸರಿ, ಆದ್ರೆ ಸುಮ್ಮನಿರೋರೇ ಬದಲಾಗ್ಬೇಕು ಅನ್ನೋದು ನಂಗೆ ಒಪ್ಪಿಗೆ ಇಲ್ಲ. ಮುಂದಿನವರನ್ನ ಆರಿಸೋ ಅಧಿಕಾರ ಮಾತಾಡ್ತಿರೋರ ಕೈಲಿದೆ, ಅದನ್ನ ಬಳಸೋದೇ ಇಲ್ಲ ಜನ, ಬಳಸಿದ್ರೂ ತಮ್ಮ ಮಾತಿಗೆ ಜೋರಾಗಿ ತಲೆಯಾಡಿಸೋರ ಕಡೆಗೇ ನೋಡ್ತಾರೆ. ಇನ್ನೊಂದು, ನಾಲ್ಕು ಜನ ಆದ ತಕ್ಷಣ ಮಾತುಕತೆ ಎರಡಾಗಿ ಒಡೆಯೋಕೆ ಸಾಧ್ಯ, ಅದೂ ಆ 1974ರ ಪೇಪರಲ್ಲೇ ಇದೆ. ಒಡೆದ್ರೆ ಒಡೀಲಿ ಬಿಡಿ, ಪಕ್ಕದವರ ಕಡೆ ತಿರುಗಿ ಶುರು ಮಾಡಿ, ಅದೇನೂ ಅಗೌರವ ಅಲ್ಲ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಆದ್ರೆ ಹೆಸರು ಹಿಡಿದು ಕರೆದ್ರೆ ಎಲ್ಲರೂ ನನ್ನೇ ನೋಡ್ತಾರೆ, ಇದ್ದಿದ್ದೂ ಮರ್ತುಹೋಗತ್ತೆ, ಅದಕ್ಕೇನ್ ಮಾಡೋದು?

ಉತ್ತರ 3:
ಕರೆಯೋ ರೀತಿ ಮೇಲೆ ಹೋಗತ್ತೆ. "ಯಾಕೆ ಸುಮ್ಮನಿದ್ದೀರಾ" ಅಂದ್ರೆ ಯಾರ ಬಾಯೂ ಕಟ್ಟತ್ತೆ. ನಿಮಗೆ ಗೊತ್ತಿರೋ ವಿಷಯಾನೇ ಕೇಳ್ಬೇಕು, ಒಂದು ಮಾತಲ್ಲಿ ಮುಗಿಯೋ ಹಂಗೆ. ಆ ಗುಂಪಲ್ಲಿ ನಿಮಗೆ ಹತ್ತಿರದವರು ಒಬ್ರಿಗೆ ಇದನ್ನ ಮೊದಲೇ ಹೇಳಿಟ್ಟಿರಿ.