ಹಾಲ್‌ಗೆ ರಗ್: ಕೆನೆ ಬಣ್ಣವೋ, ಕಡು ನೀಲಿಯೋ?

ಗುಬ್ಬಚ್ಚಿ
ರಗ್ ಬಣ್ಣ ಆರಿಸೋದರಲ್ಲೇ ತಲೆ ಕೆಟ್ಟುಹೋಗಿದೆ. ಗೋಡೆ ತಿಳಿ ಕೆನೆ ಬಣ್ಣ, ಸೋಫಾ ಬೂದು, ನೆಲ ಕಂದು ಮರದ್ದು, ಕರ್ಟನ್ ನವಿಲು ನೀಲಿ. ಹಾಲ್ ದೊಡ್ಡದಾಗಿ ಕಾಣುತ್ತದೆ ಅಂತ ನನಗೆ ಕೆನೆ ಬಣ್ಣದ್ದು ಇಷ್ಟ. ನಮ್ಮ ಯಜಮಾನರು ಕಡು ನೀಲಿಯೇ ಇರಲಿ, ಕೊಳೆ ಕಾಣುವುದಿಲ್ಲ ಅನ್ನುತ್ತಾರೆ. ಮನೆಯಲ್ಲಿ ಅಂಬೆಗಾಲಿಡುವ ಮಗು ಇದೆ, ಒಂದು ಬಿಳಿ ನಾಯಿಯೂ ಇದೆ. ಯಾವುದು ತಗೊಳ್ಳಲಿ?

ಕಿಟಕಿಪಕ್ಕ
ಬಿಳಿ ನಾಯಿ ಇರುವ ಮನೆಗೆ ಕಡು ನೀಲಿ ಬೇಡವೇ ಬೇಡ. ಕಡು ಬಣ್ಣದಲ್ಲಿ ಕಲೆ ಕಾಣುವುದಿಲ್ಲ ಅನ್ನೋದು ನಿಜ, ಆದರೆ ಕೂದಲು, ಧೂಳು, ಬಟ್ಟೆಯ ಎಳೆ ಎಲ್ಲಾ ಎದ್ದು ಕಾಣುತ್ತವೆ, ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನಕ್ಕೆ ಮತ್ತೆ ಅದೇ ಕಥೆ. ಕೆನೆಯಲ್ಲಿ ಕೂದಲು ಕಾಣುವುದಿಲ್ಲ, ಮಗು ಚೆಲ್ಲಿದ್ದೆಲ್ಲ ಕಾಣುತ್ತದೆ. ಎರಡರ ನಡುವಿನ ಬಣ್ಣ ನೋಡಿ. ಒಂದೇ ಬಣ್ಣದ್ದು ಬಿಟ್ಟು, ಎರಡು ಮೂರು ಬಣ್ಣ ಬೆರೆತ ಡಿಸೈನ್ ಇದ್ದರೆ ಅರ್ಧ ತಲೆನೋವು ಹೋಯಿತು.

ಸೂಜಿದಾರ
ಮೇಲಿನವರು ಹೇಳಿದ್ದು ಸರಿ. ನಾನಾದರೆ ಮೊದಲು ನೆಲ ನೋಡುತ್ತೇನೆ. ಕಂದು ನೆಲದ ಮೇಲೆ ಕಂದು ಛಾಯೆಯ ರಗ್ ಹಾಸಿದರೆ ಹಾಸಿದ್ದೇ ಗೊತ್ತಾಗುವುದಿಲ್ಲ. ನೆಲಕ್ಕಿಂತ ಸ್ವಲ್ಪ ತಿಳಿ ಅಥವಾ ಸ್ವಲ್ಪ ಗಾಢ ಇರಲೇಬೇಕು. ಇನ್ನು ಬೂದು ಅಂದರೆ ಒಂದೇ ಬೂದು ಅಲ್ಲ ನೋಡಿ, ಕೆಲವದರಲ್ಲಿ ನೀಲಿ ಛಾಯೆ ಇರುತ್ತದೆ, ಕೆಲವದರಲ್ಲಿ ಹಳದಿ, ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಒಂದು ಕೊಳೆಯಾದಂತೆ ಕಾಣುತ್ತದೆ. ಅದಕ್ಕೇ ಸೋಫಾ ಕುಶನ್ ಕವರ್ ಒಂದನ್ನು ಕಳಚಿ ಅಂಗಡಿಗೆ ತಗೊಂಡು ಹೋಗಿ.

ಫೋನ್ ಚಿತ್ರ ನಂಬಬೇಡಿ. ಸ್ಯಾಂಪಲ್ ಸಿಕ್ಕಿದರೆ ಮನೆಗೆ ತಂದು ಹಗಲು ಒಮ್ಮೆ, ರಾತ್ರಿ ನಿಮ್ಮದೇ ಬಲ್ಬ್ ಕೆಳಗೆ ಒಮ್ಮೆ ನೋಡಿ. 2700 ಕೆಲ್ವಿನ್‌ನ (ಬಲ್ಬ್ ಬೆಳಕಿನ ಬಣ್ಣದ ಅಳತೆ ಇದು) ಹಳದಿ ಬೆಳಕಲ್ಲಿ ಕೆನೆ ಇನ್ನೂ ಹಳದಿಯಾಗುತ್ತದೆ, ನೀಲಿ ಮಂಕಾಗುತ್ತದೆ. 6500ರ ಬಿಳಿ ಬೆಳಕಲ್ಲಿ ಬೇರೆಯೇ ಕಥೆ. ನವಿರು ಎಳೆ ನಿಂತಿರುವ ರಗ್ ಆದರೆ ಸುಮ್ನೆ ತಿರುಗಿಸಿ ಇಟ್ಟು ನೋಡಿ. ಎಳೆ ನಿಮ್ಮಿಂದ ಆಚೆಗೆ ಬಾಗಿರುವ ಕಡೆಯಿಂದ ತಿಳಿಯಾಗಿ, ನಿಮ್ಮ ಕಡೆಗೆ ಬಾಗಿರುವ ಎದುರು ಕಡೆಯಿಂದ ಗಾಢವಾಗಿ ಕಾಣುತ್ತದೆ. ಬಾಗಿಲಿನಿಂದ ಒಳಗೆ ಬರುವಾಗ ಯಾವುದು ಕಾಣಬೇಕೋ ಹಾಗೆ ಹಾಸಿ.

ಗುಬ್ಬಚ್ಚಿ
ಅಯ್ಯೋ, ಇಷ್ಟೆಲ್ಲಾ ಇದೆಯಾ! ಹಾಗಾದರೆ ಕೆನೆ, ಬೂದು, ಮಧ್ಯೆ ಇಟ್ಟಿಗೆ ಬಣ್ಣ ಇರುವ ಡಿಸೈನ್ ಒಂದು ನೋಡಿಟ್ಟಿದ್ದೆ. ನವಿಲು ನೀಲಿ ಕರ್ಟನ್‌ಗೆ ಹೊಂದುತ್ತದಾ, ಅಥವಾ ಜಾಸ್ತಿ ಆಗುತ್ತದಾ?

ಸೂಜಿದಾರ
ಚೆನ್ನಾಗಿ ಹೊಂದುತ್ತದೆ. ನಿಮ್ಮ ಹಾಲ್‌ನಲ್ಲಿ ಬೂದು, ನೀಲಿ ಎರಡೂ ತಣ್ಣನೆಯ ಬಣ್ಣಗಳೇ, ಸ್ವಲ್ಪ ಬೆಚ್ಚಗಿನದು ಬೇಕಿತ್ತು. ಇಟ್ಟಿಗೆ ಬಣ್ಣ ಕಡಿಮೆ ಜಾಗದಲ್ಲಿ ಇದ್ದರೆ ಸಾಕು, ಅಂಗೈಯಷ್ಟು ತುಂಡಿನಲ್ಲಿ ಸೌಮ್ಯವಾಗಿ ಕಂಡಿದ್ದು ಇಡೀ ರಗ್‌ನಲ್ಲಿ ಕಣ್ಣಿಗೆ ಹೊಡೆಯಬಹುದು.

ಕಿಟಕಿಪಕ್ಕ
ನೇರ ಬಿಸಿಲು ಬೀಳುವ ಜಾಗವಾ? ಹಾಗಿದ್ದರೆ ಆಗಾಗ ರಗ್ ಅನ್ನು ತಿರುವಿ ಹಾಸಿ, ಇಲ್ಲದಿದ್ದರೆ ಒಂದು ಕಡೆ ಮಾತ್ರ ಬಣ್ಣ ಮಾಸುತ್ತದೆ. ತಗೊಳ್ಳುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಆ ಇಟ್ಟಿಗೆ ಬಣ್ಣದ ಭಾಗವನ್ನು ಒಂದು ಮೂಲೆಯಲ್ಲಿ ಉಜ್ಜಿ ನೋಡಿ. ಬಣ್ಣ ಬಟ್ಟೆಗೆ ಅಂಟಿದರೆ ಬಿಟ್ಟುಬಿಡಿ, ನಾಳೆ ಮಗು ನೀರು ಚೆಲ್ಲಿದಾಗ ಕೆನೆ ಭಾಗವೆಲ್ಲ ಕೆಂಪಾಗುತ್ತದೆ.