ಎಕ್ಸ್‌ಎ13 ನಿರೋಧಕ ಜೀನ್ ಇದ್ದರೂ ಭತ್ತಕ್ಕೆ ದುಂಡಾಣು ಅಂಗಮಾರಿ: ರೋಗಾಣುವಿನ ಯಾವ ಎಫೆಕ್ಟರ್ ಪ್ರೋಟೀನ್ ಇರಬಹುದು?

ಗದ್ದೆಬದು:
ತುಂಗಭದ್ರಾ ಅಚ್ಚುಕಟ್ಟಿನ ಬಿಪಿಟಿ 5204 (ಸಾಂಬಾ ಮಹ್ಸೂರಿ) ಗದ್ದೆಯಿಂದ ತೆಗೆದ, ಈ ರೋಗ ತರುವ ಬ್ಯಾಕ್ಟೀರಿಯಾ ಕ್ಸಾಂಥೋಮೊನಾಸ್ ಒರೈಜೆಯ ಐಸೋಲೇಟ್ (ಬೇರ್ಪಡಿಸಿ ಬೆಳೆಸಿದ ತಳಿ) ಒಂದನ್ನು ಐಆರ್‌ಬಿಬಿ ತಳಿಗಳ (ಗೊತ್ತಿರುವ ನಿರೋಧಕ ಜೀನ್ ಸೇರಿಸಿದ ಭತ್ತ; ಐಆರ್‌ಬಿಬಿ13ರಲ್ಲಿ ಎಕ್ಸ್‌ಎ13, ಹೀಗೆ) ಮೇಲೆ ಕತ್ತರಿ ವಿಧಾನದಲ್ಲಿ ಪರೀಕ್ಷಿಸಿದ್ದೇವೆ. ಸಸಿಗಳಿಗೆ 25 ದಿನ. 14ನೇ ದಿನದ ಮಚ್ಚೆ ಉದ್ದ: ರೋಗಕ್ಕೆ ಸುಲಭವಾಗಿ ಬಲಿಯಾಗುವ ಟಿಎನ್1ರಲ್ಲಿ 18 ಸೆಂ.ಮೀ., ಐಆರ್‌ಬಿಬಿ13ರಲ್ಲಿ 16, ಐಆರ್‌ಬಿಬಿ21ರಲ್ಲಿ 11, ಐಆರ್‌ಬಿಬಿ5ರಲ್ಲಿ 4. ಸಕ್ಕರೆ ಸಾಗಿಸುವ ಸ್ವೀಟ್11 ಜೀನಿನ ಪ್ರೊಮೋಟರ್ (ಜೀನನ್ನು ಚಾಲೂ ಮಾಡುವ ಭಾಗ) ಬದಲಾಗಿದ್ದರೂ ಎಕ್ಸ್‌ಎ13 ಸೋತಿದ್ದೇಕೆ? ಎಕ್ಸ್‌ಎ21 ಅರ್ಧಂಬರ್ಧ ಕೆಲಸ ಮಾಡಿದ್ದೇಕೆ?

ಎಲೆನರ:
ನಿಮ್ಮ ಐಸೋಲೇಟ್ ಸ್ವೀಟ್11ನ್ನು ನೆಚ್ಚಿಕೊಂಡಿಲ್ಲ ಅನ್ನಿಸುತ್ತದೆ. ಈ ಬ್ಯಾಕ್ಟೀರಿಯಾಕ್ಕೆ ಬೇಕಾದ್ದು ಕ್ಸೈಲಂ (ನೀರು ಸಾಗಿಸುವ ನಾಳ) ಬಳಿ ಸಕ್ಕರೆ. ಅದನ್ನು ಹೊರಬಿಡುವ ಸ್ವೀಟ್ ಯಾವುದಾದರೂ ಆದೀತು. ಪಿಟಿಎಚ್-ಎಕ್ಸ್‌ಒ1 ಎಂಬ ಟಾಲ್ ಎಫೆಕ್ಟರ್ (ಬ್ಯಾಕ್ಟೀರಿಯಾ ಸಸ್ಯದ ಕೋಶದೊಳಗೆ ತೂರಿಸುವ, ಜೀನ್ ಚಾಲೂ ಮಾಡುವ ಪ್ರೋಟೀನ್) ಸ್ವೀಟ್11ರ ಪ್ರೊಮೋಟರ್‌ಗೆ ಅಂಟಿ ಅದನ್ನು ಚಾಲೂ ಮಾಡುತ್ತದೆ. ಎಕ್ಸ್‌ಎ13 ಅಂದರೆ ಆ ಅಂಟುವ ಜಾಗ ಕೆಟ್ಟಿರುವ ಸ್ವೀಟ್11, ಅಷ್ಟೇ. ಪಿಟಿಎಚ್-ಎಕ್ಸ್‌ಒ2 ಸ್ವೀಟ್13ನ್ನು, ಎವಿಆರ್-ಎಕ್ಸ್‌ಎ7 ಮತ್ತು ಪಿಟಿಎಚ್-ಎಕ್ಸ್‌ಒ3 ಸ್ವೀಟ್14ನ್ನು ಚಾಲೂ ಮಾಡುತ್ತವೆ. ಇವುಗಳ ಮುಂದೆ ಎಕ್ಸ್‌ಎ13 ನಿಲ್ಲುವುದಿಲ್ಲ.

ಎಕ್ಸ್‌ಎ5 ಬೇರೆ ಥರ. ಟಾಲ್ ಎಫೆಕ್ಟರ್‌ಗಳು ಬಳಸಿಕೊಳ್ಳುವ ಟಿಎಫ್-2ಎ ಗಾಮಾ 5 ಎಂಬ ಸಸ್ಯದ್ದೇ ಪ್ರೋಟೀನಿನಲ್ಲಿ 39ನೇ ವ್ಯಾಲೀನ್ ಹೋಗಿ ಗ್ಲುಟಾಮಿಕ್ ಆಮ್ಲ ಬಂದಿದೆ, ಆದ್ದರಿಂದ ಹಿಡಿತ ಸಡಿಲ. ಆದರೆ ಪಿಟಿಎಚ್-ಎಕ್ಸ್‌ಒ1 ಇರುವ ಪಿಎಕ್ಸ್‌ಒ99 ಎಂಬ ಬ್ಯಾಕ್ಟೀರಿಯಾ ತಳಿ ಎಕ್ಸ್‌ಎ5ನ್ನು ದಾಟುತ್ತದೆ, ಎಕ್ಸ್‌ಎ13ರ ಮೇಲೆ ಸೋಲುತ್ತದೆ. ನಿಮ್ಮದು ಅದಕ್ಕೆ ಸರಿಯಾಗಿ ಉಲ್ಟಾ. 2008ರಲ್ಲಿ ಬಿಡುಗಡೆಯಾದ ಸುಧಾರಿತ ಸಾಂಬಾ ಮಹ್ಸೂರಿಯಲ್ಲಿ 5, 13, 21 ಮೂರನ್ನೂ ಒಟ್ಟಿಗೆ ಇಟ್ಟದ್ದು ಎಷ್ಟು ಸರಿ ಎಂಬುದು ಇಲ್ಲೇ ಕಾಣುತ್ತದೆ.

ಅಗ್ಗದ ಮೊದಲ ಪರೀಕ್ಷೆ: ಐಆರ್‌ಬಿಬಿ7ರ ಮೇಲೆ ಹಾಕಿ. ಎಕ್ಸ್‌ಎ7 ಜೀನ್ ಎವಿಆರ್-ಎಕ್ಸ್‌ಎ7 ಅಥವಾ ಪಿಟಿಎಚ್-ಎಕ್ಸ್‌ಒ3 ಬಂದಾಗಲೇ ಎಚ್ಚೆತ್ತು ಆ ಜೀವಕೋಶವನ್ನು ಸಾಯಿಸುತ್ತದೆ. ಐಆರ್‌ಬಿಬಿ7 ತಡೆದುಕೊಂಡರೆ ಸ್ವೀಟ್14 ದಾರಿ ಎಂಬ ಅನುಮಾನ ಗಟ್ಟಿ. ತಡೆಯದಿದ್ದರೆ ಸ್ವೀಟ್13ರ ಕಡೆ ನೋಡಿ.

ಬೀಜೋಪಚಾರ:
ಎಕ್ಸ್‌ಎ21ರ ಉತ್ತರ ಸಸಿಯ ವಯಸ್ಸಿನಲ್ಲಿದೆ. ಅದು ರಾಕ್ಸ್-ಎಕ್ಸ್ ಎಂಬ ಸಣ್ಣ ಪೆಪ್ಟೈಡನ್ನು ಜೀವಕೋಶದ ಹೊರಗೇ ಗುರುತಿಸುವ ರಿಸೆಪ್ಟರ್. ಎಳೆ ಸಸಿಯಲ್ಲಿ ದುರ್ಬಲ, ಬೆಳೆದಂತೆ ಬಲ. 45–60 ದಿನದಲ್ಲಿ, ತೆಂಡೆ ತುಂಬಿರುವಾಗ ಮತ್ತೆ ಹಾಕಿ. ಆಗಲೂ 11 ಸೆಂ.ಮೀ. ಬಂದರೆ ಮಾತ್ರ ಐಸೋಲೇಟಿನ ಮೇಲೆ ಅನುಮಾನಪಡಿ.

ವಿಧಾನದಲ್ಲೂ ಒಂದೆರಡು ಕಡೆ ತಪ್ಪು ನುಸುಳುತ್ತದೆ. ಪೆಪ್ಟೋನ್ ಸುಕ್ರೋಸ್ ಅಗರ್‌ನಲ್ಲಿ 28 ಡಿಗ್ರಿಯಲ್ಲಿ 2–3 ದಿನ ಬೆಳೆದ ಹೊಸ ಕಲ್ಚರ್ ಬೇಕು. ತಟ್ಟೆಯಿಂದ ತಟ್ಟೆಗೆ ಬದಲಿಸುತ್ತಾ ಹೋದರೆ ರೋಗಶಕ್ತಿ ಕುಂದುತ್ತದೆ, ಹಾಗಾಗಿ ಪ್ರತಿ ಸಲ ಮೈನಸ್ 80ರ ಗ್ಲಿಸರಾಲ್ ಸ್ಟಾಕಿನಿಂದಲೇ ಶುರು ಮಾಡಿ. ಮಿಲಿಲೀಟರಿಗೆ ಸುಮಾರು 10⁹ ಕೋಶ, ಕಲಸಿದ ದಿನವೇ ಬಳಸಿ. ಪ್ರತಿ ಗಿಡಕ್ಕೂ ಕತ್ತರಿ ಅದ್ದಿ, ಪೂರ್ತಿ ಬಿಚ್ಚಿದ ಎಲೆಯ ತುದಿಯ 2–3 ಸೆಂ.ಮೀ. ಕತ್ತರಿಸಿ. ಬರೀ ನೀರಿನಲ್ಲಿ ಅದ್ದಿದ ಕತ್ತರಿಯ ಎಲೆಗಳೂ ಇರಲೇಬೇಕು, ಇಲ್ಲದಿದ್ದರೆ ಬಿಸಿಲಿಗೆ ಒಣಗಿದ ತುದಿ ರೋಗದ ಲೆಕ್ಕಕ್ಕೆ ಸೇರಿಬಿಡುತ್ತದೆ.

ಗದ್ದೆಬದು:
ಧನ್ಯವಾದ. ಐಆರ್‌ಬಿಬಿ7 ಬೀಜ ಇದೆ. ಸ್ವೀಟ್ ಚಾಲೂ ಆದದ್ದನ್ನು ಕ್ಯೂಪಿಸಿಆರ್‌ನಲ್ಲಿ (ಜೀನ್ ಎಷ್ಟು ಚಾಲೂ ಆಗಿದೆ ಎಂದು ಅಳೆಯುವ ವಿಧಾನ) ನೋಡಲು ಇದೇ ಕತ್ತರಿಸಿದ ಎಲೆ ಸಾಕೇ?

ಎಲೆನರ:
ಸಾಲದು. ಕತ್ತರಿಸಿದ ಎಲೆಯಲ್ಲಿ ಮೊದಲ ದಿನಗಳಲ್ಲಿ ಬ್ಯಾಕ್ಟೀರಿಯಾ ತುದಿಯ ಕ್ಸೈಲಂನಲ್ಲಷ್ಟೇ ಇರುತ್ತದೆ, ಸಂಕೇತ ತೆಳುವಾಗಿ ಹೋಗುತ್ತದೆ. ಎರಡು-ಮೂರು ವಾರದ ಐಆರ್24 (ಐಆರ್‌ಬಿಬಿ ತಳಿಗಳ ಮೂಲ ಭತ್ತ) ಮತ್ತು ಐಆರ್‌ಬಿಬಿ13 ಸಸಿಗಳ ಎಲೆಗೆ ಸೂಜಿಯಿಲ್ಲದ 1 ಮಿ.ಲೀ. ಸಿರಿಂಜಿನಿಂದ ಓಡಿ (ದ್ರಾವಣ ಎಷ್ಟು ಮಬ್ಬು ಎಂಬ ಅಳತೆ) 0.5ರ ಬ್ಯಾಕ್ಟೀರಿಯಾ ದ್ರಾವಣ ಒತ್ತಿ, ನೀರು ತುಂಬಿದಂತೆ ಕಂಡ ಭಾಗವನ್ನು ಗುರುತು ಹಾಕಿ, 24 ಗಂಟೆಗೆ ಅಷ್ಟನ್ನೇ ಕತ್ತರಿಸಿ ಆರ್‌ಎನ್‌ಎ ತೆಗೆಯಿರಿ. ಸ್ವೀಟ್11, 13, 14 ಮೂರಕ್ಕೂ ಪ್ರೈಮರ್ ಹಾಕಿ, ಸದಾ ಚಾಲೂ ಇರುವ ಆಕ್ಟಿನ್ ಜೀನ್ ಜೊತೆ ಹೋಲಿಸಿ. ಟೈಪ್ 3 ಸ್ರವಣ ವ್ಯವಸ್ಥೆ (ಎಫೆಕ್ಟರ್ ತೂರಿಸುವ ಯಂತ್ರ) ಕೆಟ್ಟ ಮ್ಯೂಟೆಂಟ್ ಸಿಕ್ಕರೆ ಅದೇ ಅತ್ಯುತ್ತಮ ಕಂಟ್ರೋಲ್. ನೀರಿನದು ಗಾಯದ ಪರಿಣಾಮವನ್ನಷ್ಟೇ ತೋರಿಸುತ್ತದೆ.

ಸೀಕ್ವೆನ್ಸಿಂಗ್ ಮಾಡಿಸುವುದಾದರೆ ಉದ್ದ ರೀಡ್‌ಗಳ (ಒಂದೇ ಸಲಕ್ಕೆ ಓದುವ ಡಿಎನ್‌ಎ ತುಂಡು) ಪ್ಯಾಕ್‌ಬಯೋ ಅಥವಾ ನ್ಯಾನೋಪೋರ್ ಮಾತ್ರ. ಟಾಲ್ ಜೀನ್‌ಗಳ ನಡುಭಾಗ 33–35 ಅಮೈನೋ ಆಮ್ಲದ, ಬಹುಪಾಲು ಒಂದೇ ಥರದ ತುಣುಕುಗಳ ಸಾಲು. ಚಿಕ್ಕ ರೀಡ್‌ಗಳನ್ನು ಜೋಡಿಸಿದರೆ ಅವೆಲ್ಲ ಒಂದರ ಮೇಲೊಂದು ಕುಸಿದುಬಿಡುತ್ತವೆ. ಪ್ರತಿ ತುಣುಕಿನ 12 ಮತ್ತು 13ನೇ ಅಮೈನೋ ಆಮ್ಲ ಓದಿದರೆ ಅದು ಅಂಟುವ ಡಿಎನ್‌ಎ ಅಕ್ಷರವನ್ನು ಊಹಿಸಬಹುದು. ಅಮೈನೋ ಆಮ್ಲಗಳ ಅಕ್ಷರ ಸಂಕೇತದಲ್ಲಿ: ಎಚ್‌ಡಿ ಇದ್ದರೆ ಸಿ, ಎನ್‌ಐ ಇದ್ದರೆ ಎ, ಎನ್‌ಜಿ ಇದ್ದರೆ ಟಿ. ಆದರೆ ಸಾಫ್ಟ್‌ವೇರ್ ತೋರಿಸುವ ಗುರಿಗಳಲ್ಲಿ ಸುಳ್ಳುಗಳೇ ಹೆಚ್ಚು, ಕ್ಯೂಪಿಸಿಆರ್‌ನಲ್ಲಿ ಏರಿದ್ದನ್ನಷ್ಟೇ ನಂಬಿ.